ಕಿತ್ತೆಸೆಯುವ ಮುನ್ನ: ಹಳೇ ಲಾರಿಯ ಒಳಚಾವಣಿ

ಹಳೆಯ ಲಾರಿಯೊಂದನ್ನು ಗುಜರಿಗೆ ಹಾಕದೆ ಉಳಿಸಿಕೊಳ್ಳಬೇಕೆಂದು ಮನಸ್ಸು ಮಾಡಿದವರು ಮೊದಲು ಎಂಜಿನ್ ನೋಡುತ್ತಾರೆ, ಆಮೇಲೆ ಬಣ್ಣ ನೋಡುತ್ತಾರೆ. ಕ್ಯಾಬಿನ್ನಿನೊಳಗೆ ಡ್ರೈವರ್ ತಲೆಯ ಮೇಲಿನ ಹೊದಿಕೆಯ ಸರದಿ ಕೊನೆಗೆ ಬರುತ್ತದೆ, ಅದೂ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಜೋತುಬಿದ್ದ ರೆಕ್ಸಿನ್ ಕಿತ್ತು ಬಿಸಾಕಿ, ಹೊಸದು ಹೊಡೆಸಿಬಿಡಿ. ಈ ಲೆಕ್ಕ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಹಳೇ ಟಾಟಾ, ಲೇಲ್ಯಾಂಡ್ ಲಾರಿಗಳ ಎಂಜಿನ್ನು, ಗೇರ್‌ಬಾಕ್ಸು, ಆಕ್ಸಲ್ಲು ಎಲ್ಲವೂ ಕಾರ್ಖಾನೆಯಲ್ಲಿ ಒಂದೇ ಅಳತೆಗೆ ಸಾವಿರಗಟ್ಟಲೆ ತಯಾರಾದವು. ಒಂದು ಹಾಳಾದರೆ ಅದೇ ನಮೂನೆಯ ಇನ್ನೊಂದನ್ನು ಗುಜರಿ ಅಂಗಡಿಯಲ್ಲಿ ಹುಡುಕಿ ತರಬಹುದು. ಕ್ಯಾಬಿನ್ನಿನ ಒಳಚಾವಣಿಗೆ ಅಂಥ ಜೋಡಿ ಎಲ್ಲೂ ಇಲ್ಲ. ಅದನ್ನು ಯಾವುದೋ ಊರಿನ ಬಡಗಿ, ಟಿಂಕರ್, ಕುಶನ್ ಕೆಲಸದವರು ಸೇರಿ ಆ ಒಂದು ಲಾರಿಗೆಂದೇ ಕೈಯಿಂದ ಕಟ್ಟಿದ್ದಾರೆ. ನಕ್ಷೆ ಬರೆದಿಟ್ಟವರಿಲ್ಲ, ಬಿಲ್ಲು ಉಳಿಸಿದವರೂ ಇಲ್ಲ. ಅವರ ಕೆಲಸಕ್ಕೆ ಉಳಿದಿರುವ ದಾಖಲೆ ಆ ಹೊದಿಕೆ ಮತ್ತು ಅದರ ಹಿಂದಿನ ಮರದ ಚೌಕಟ್ಟು, ಅಷ್ಟೆ. ಆದ್ದರಿಂದ ಲಾರಿಯ ದುರಸ್ತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಿರುವುದು ಅಲ್ಲೇ.

ಇದಕ್ಕೆ ಕಾರಣ ನಮ್ಮಲ್ಲಿ ಲಾರಿ ತಯಾರಾಗುತ್ತಿದ್ದ ರೀತಿ. ಟಾಟಾ ಕಂಪನಿ ಜರ್ಮನಿಯ ಡೈಮ್ಲರ್‌-ಬೆನ್ಜ್ ಜೊತೆ 1954ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಜಮ್ಶೆಡ್‌ಪುರದಲ್ಲಿ ಟಾಟಾ-ಮರ್ಸಿಡಿಸ್ ಲಾರಿಗಳು ತಯಾರಾದವು. ಆ ಒಪ್ಪಂದ 1969ರಲ್ಲಿ ಮುಗಿಯಿತು. ಮದರಾಸಿನ ಅಶೋಕ್ ಮೋಟಾರ್ಸ್ ಇಂಗ್ಲೆಂಡಿನ ಲೇಲ್ಯಾಂಡ್ ಜೊತೆ ಸೇರಿ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಬೊಂಬಾಯಿಯ ಪ್ರೀಮಿಯರ್ ಕಂಪನಿಯಿಂದ ಡಾಡ್ಜ್, ಫಾರ್ಗೊ ಲಾರಿಗಳು, ಹಿಂದೂಸ್ತಾನ್ ಮೋಟಾರ್ಸ್‌ನಿಂದ ಬೆಡ್‌ಫೋರ್ಡ್ ಬರುತ್ತಿದ್ದವು. ಆದರೆ ಮಾಲೀಕನ ಕೈಗೆ ಸಾಮಾನ್ಯವಾಗಿ ಪೂರ್ತಿ ಲಾರಿ ಸಿಗುತ್ತಿರಲಿಲ್ಲ. ಶಾಸಿ, ಎಂಜಿನ್, ಸ್ಟೀರಿಂಗು, ಮುಂದಿನ ಮೂತಿಯ ತಗಡು, ಇಷ್ಟನ್ನೇ ಕೊಟ್ಟು ಕಾರ್ಖಾನೆ ಕೈತೊಳೆದುಕೊಳ್ಳುತ್ತಿತ್ತು. ಮೇಲೆ ಚಾವಣಿಯಿಲ್ಲದ ಶಾಸಿಯ ಮೇಲೆ ತಾತ್ಕಾಲಿಕ ಸೀಟು ಹಾಕಿಕೊಂಡು, ತಲೆಗೆ ಬಟ್ಟೆ ಸುತ್ತಿಕೊಂಡು ಬಿಸಿಲಲ್ಲೇ ನೂರಾರು ಮೈಲಿ ಓಡಿಸಿಕೊಂಡು ಬರುವ ಡ್ರೈವರುಗಳು ಹೆದ್ದಾರಿಯಲ್ಲಿ ಎಲ್ಲರಿಗೂ ಪರಿಚಿತ ನೋಟ. ಆ ಶಾಸಿ ಹೋಗಿ ನಿಲ್ಲುತ್ತಿದ್ದುದು ಬಾಡಿ ಕಟ್ಟುವ ಶೆಡ್ಡಿನ ಮುಂದೆ. ತಮಿಳುನಾಡಿನ ನಾಮಕ್ಕಲ್, ತಿರುಚೆಂಗೋಡು, ಸಂಗಗಿರಿ ಈ ಕೆಲಸಕ್ಕೆ ಇಂದಿಗೂ ಹೆಸರಾದ ಊರುಗಳು. ಕರ್ನಾಟಕದಲ್ಲೂ ಹೆದ್ದಾರಿ ಬದಿಯ ಊರುಗಳಲ್ಲಿ ಇಂಥ ಶೆಡ್ಡುಗಳು ಬೆಳೆದವು. ಮರದ ಚೌಕಟ್ಟು ಎಬ್ಬಿಸಿ, ತಗಡು ಹೊದಿಸಿ, ಬಾಗಿಲು ಕೂರಿಸಿ, ಒಳಗೆ ಪ್ಲೈವುಡ್ ಅಥವಾ ಹಾರ್ಡ್‌ಬೋರ್ಡ್ ಬಡಿದು, ಅದರ ಮೇಲೆ ಸ್ಪಂಜು, ರೆಕ್ಸಿನ್ ಹೊದಿಸಿ, ಅಂಚಿಗೆ ಅಲ್ಯೂಮಿನಿಯಂ ಬೀಡಿಂಗ್ ಹೊಡೆದು ಕೊಟ್ಟವರು ಇಲ್ಲಿನವರು. ಹಾಗಾಗಿ ಹಳೇ ಲಾರಿಯನ್ನು ಜರ್ಮನಿಯದು, ಇಂಗ್ಲೆಂಡಿನದು ಎಂದು ಕರೆದರೆ ಅರ್ಧ ಸತ್ಯ ಮಾತ್ರ. ನೆಲದಿಂದ ಡ್ರೈವರ್ ಸೀಟಿನವರೆಗೆ ಅದು ಹೊರಗಿನ ವಿನ್ಯಾಸ, ಸೀಟಿನಿಂದ ಮೇಲಕ್ಕೆ ನಮ್ಮದು.

ಕೋಲಾರ ಜಿಲ್ಲೆಯ ಮಟ್ಟಿಗೆ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಮಾಸ್ತಿ, ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು ಸೀಮೆಯ ದುಡಿಮೆ ಲಾರಿಯನ್ನೇ ನೆಚ್ಚಿಕೊಂಡು ಬೆಳೆದದ್ದು. ಮಾಲೂರಿನ ಹೆಂಚು, ಇಟ್ಟಿಗೆ ಹೋದದ್ದು ಲಾರಿಯಲ್ಲಿ. ಕೋಲಾರದ ಟೊಮೆಟೊ, ಶ್ರೀನಿವಾಸಪುರದ ಮಾವು, ಊರೂರಿನ ನೀಲಗಿರಿ ಮರದ ಲೋಡು ಹೋದದ್ದೂ ಲಾರಿಯಲ್ಲಿ. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿ ಜಿಲ್ಲೆಯ ನಡುವೆಯೇ ಹಾದು ನಂಗಲಿ ಗಡಿ ದಾಟುತ್ತದೆ. ಅದೇ ರಸ್ತೆಯ ಮೇಲೆ ಹೊಸಕೋಟೆಯಲ್ಲಿ 1998ರಲ್ಲಿ ವೋಲ್ವೊ ಕಾರ್ಖಾನೆ ಶುರುವಾಯಿತು. ಮುಂದೆ ನರಸಾಪುರಕ್ಕೆ ಸ್ಕಾನಿಯಾ ಬಂತು. ಅವುಗಳ ಲಾರಿಗಳಲ್ಲಿ ಒಳಚಾವಣಿ ಎಂದರೆ ಅಚ್ಚಿನಲ್ಲಿ ಒತ್ತಿ ತೆಗೆದ ಒಂದೇ ಹಾಳೆ. ಅದಕ್ಕೆ ಬಟ್ಟೆ ಮೊದಲೇ ಅಂಟಿರುತ್ತದೆ, ಕ್ಲಿಪ್ಪು ಒತ್ತಿ ಕೂರಿಸಿದರೆ ಮುಗಿಯಿತು. ಮಾಸ್ತಿಯಂಥ ಹೋಬಳಿ ಊರಿನಿಂದ ನೋಡಿದರೆ ಎರಡು ಕಾಲಗಳು ಒಂದೇ ರಸ್ತೆಯಲ್ಲಿ ಓಡಾಡಿದವು. ಒಂದರ ಚಾವಣಿಯನ್ನು ಕೈ ಕಟ್ಟಿತ್ತು, ಇನ್ನೊಂದರದನ್ನು ಯಂತ್ರ ಒತ್ತಿತ್ತು. ಮೊದಲನೆಯ ಬಗೆಯವು ಈಗ ವೇಗವಾಗಿ ಕಣ್ಮರೆಯಾಗುತ್ತಿವೆ. ತಮ್ಮೂರಿನ ಕಥೆಗಾರರ ಮನೆಯನ್ನು ಗ್ರಂಥಾಲಯವಾಗಿ ಉಳಿಸಿಕೊಂಡಿರುವ ಮಾಸ್ತಿಯವರಿಗೆ ಉಳಿಸಿಕೊಳ್ಳುವುದು ಎಂದರೇನೆಂದು ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಈ ಹೊದಿಕೆ ಅಲಂಕಾರಕ್ಕೆ ಇರುವುದೆಂಬ ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಏಪ್ರಿಲ್ ಬಿಸಿಲಿಗೆ ಚಾವಣಿಯ ತಗಡು ಕೈ ಇಡಲಾಗದಷ್ಟು ಕಾಯುತ್ತದೆ. ಕಾದ ತಗಡು ತನ್ನ ಕೆಳಗಿರುವುದಕ್ಕೆಲ್ಲ ಶಾಖ ಸೂಸುತ್ತದೆ. ಗಾಳಿ ಬಿಸಿಯಾಗುವ ಮೊದಲೇ ಡ್ರೈವರನ ನೆತ್ತಿ ಸುಡುತ್ತದೆ. ತಗಡಿಗೂ ಹೊದಿಕೆಗೂ ನಡುವೆ ಉಳಿಯುವ ನಾಲ್ಕು ಬೆರಳಿನ ಗಾಳಿಯ ಪದರ ಮತ್ತು ಸ್ಪಂಜು ಆ ಶಾಖವನ್ನು ತಡೆಯುತ್ತವೆ. ಎಂಜಿನ್ನಿನ ನಡುಕಕ್ಕೆ ಬರಿಯ ತಗಡು ತಮಟೆ ಬಡಿದಂತೆ ದನಿಗೊಡುತ್ತದೆ, ಅದನ್ನೂ ಹೊದಿಕೆ ಅಡಗಿಸುತ್ತದೆ. ಕೋಲಾರ ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗಿಂತ ಎತ್ತರದ ಪ್ರಸ್ಥಭೂಮಿ. ಮಾರ್ಗಶಿರದ ಬೆಳಗಿನ ಜಾವ ತಗಡು ತಣ್ಣಗಾಗಿ, ಕ್ಯಾಬಿನ್ನಿನಲ್ಲಿ ಮಲಗಿದ್ದ ಇಬ್ಬರ ಉಸಿರಿನ ತೇವ ಅದಕ್ಕೆ ತಾಗಿ ಹನಿಗಟ್ಟುತ್ತದೆ. ಹೊದಿಕೆ ಆ ಹನಿಯನ್ನೂ ಹೀರುತ್ತದೆ. ಹೀಗೆ ಹೀರಿದ್ದೇ ಅದರ ಆಯುಷ್ಯಕ್ಕೆ ಕುತ್ತು. ಸ್ಪಂಜಿನಲ್ಲಿ ಬಳಸುವ ಪಾಲಿಯೂರಿಥೇನ್ ತೇವ ಮತ್ತು ಶಾಖ ಎರಡೂ ಸೇರಿದಾಗ ವರ್ಷಗಳು ಕಳೆದಂತೆ ಒಡೆದು ಹಳದಿ ಪುಡಿಯಾಗುತ್ತದೆ. ಅಂಟಿದ್ದ ರೆಕ್ಸಿನ್ ಹಿಡಿತ ತಪ್ಪಿ ಜೋತು ಬೀಳುತ್ತದೆ. ರೆಕ್ಸಿನ್ನಿನ ಮೇಲ್ಪದರವಾದ ಪಿವಿಸಿಯನ್ನು ಮೆತ್ತಗಿಡುವ ರಾಸಾಯನಿಕ ಬಿಸಿಲಿಗೆ ಆರಿಹೋಗಿ ಅದು ಬಿರುಸಾಗಿ ಬಿರಿಯುತ್ತದೆ. ಲಾರಿಯ ವಿಷಯದಲ್ಲಿ ಇನ್ನೊಂದು ಕಾರಣವೂ ಇದೆ, ಕಾರುಗಳಿಗೆ ಅದಿಲ್ಲ. ಕ್ಯಾಬಿನ್ ಮೇಲೆ ಟಾರ್ಪಾಲು, ಹಗ್ಗ ಇಡಲು ಕ್ಯಾರಿಯರ್ ಕೂರಿಸುತ್ತಾರೆ. ಅದರ ಬೋಲ್ಟು ತಗಡನ್ನು ತೂರಿಕೊಂಡು ಮರಕ್ಕೆ ಇಳಿಯುತ್ತದೆ. ರಬ್ಬರು ವಾಷರ್ ಸವೆದ ಮೇಲೆ ಪ್ರತಿ ಮಳೆಯಲ್ಲೂ ಆ ತೂತಿನಿಂದ ನೀರು ಇಳಿದು ಪ್ಲೈವುಡ್ ಉಬ್ಬಿ ಪದರ ಬಿಡುತ್ತದೆ. ಒಳಗೆ ಕಲೆ ಕಂಡರೆ ಅದರ ಮೇಲೆ ಅಥವಾ ಹತ್ತಿರದಲ್ಲಿ ಸಾಮಾನ್ಯವಾಗಿ ಇಂಥದೊಂದು ಬೋಲ್ಟು ಇರುತ್ತದೆ. ಅಂದಮೇಲೆ ರೆಕ್ಸಿನ್ ಬದಲಿಸುವುದೊಂದೇ ದುರಸ್ತಿಯಾಗುವುದಿಲ್ಲ. ಚಾವಣಿಯ ಮೇಲಿನ ತೂತು ಮುಚ್ಚದೆ ಕೆಳಗೆ ಎಷ್ಟು ಬೆಲೆಯ ಬಟ್ಟೆ ಹೊದಿಸಿದರೂ ಎರಡನೇ ಮಳೆಗಾಲಕ್ಕೆ ಅದೇ ಕಲೆ ಮತ್ತೆ ಮೂಡುತ್ತದೆ.

ಈಗ ನಡೆಯುತ್ತಿರುವ ದುರಸ್ತಿಯ ತಪ್ಪು ಎಲ್ಲಿದೆ ಎಂದು ಇಲ್ಲಿ ಬಿಡಿಸಿ ಹೇಳಬೇಕು. ಹಳೆಯ ಕೆಲಸದಲ್ಲಿ ಹೊದಿಕೆ ನಿಂತಿದ್ದುದು ಸಣ್ಣ ಮೊಳೆ, ಬೀಡಿಂಗ್, ಹೊಲಿಗೆಗಳ ಬಲದಿಂದ. ಅಲ್ಲಲ್ಲಿ ಇಡೀ ಬಟ್ಟೆಯನ್ನು ಅಡ್ಡಲಾದ ಕಮಾನುಗಳಿಗೆ ನೇತುಹಾಕುತ್ತಿದ್ದರು: ಬಟ್ಟೆಯ ಹಿಂಬದಿಗೆ ಉದ್ದುದ್ದ ಮಡಿಕೆ ಹೊಲಿದು, ಪೈಜಾಮಕ್ಕೆ ಲಾಡಿ ಪೋಣಿಸುವ ಹಾಗೆ ಅದರೊಳಗೆ ಕಂಬಿ ತೂರಿಸಿ, ಕಂಬಿಯ ತುದಿಗಳನ್ನು ಪಕ್ಕದ ಪಟ್ಟಿಗೆ ಸಿಕ್ಕಿಸಿ ಎಳೆದು ಬಿಗಿಯುವುದು. ವಿದೇಶದ ಹಳೆಯ ಕಾರು, ಲಾರಿಗಳಲ್ಲೂ ಇದೇ ಪದ್ಧತಿ ಬಹುಕಾಲ ನಡೆಯಿತು. ಈ ಎರಡು ಬಗೆಗೂ ಒಂದು ಸಮಾನ ಗುಣವಿದೆ: ಕಟ್ಟಿದ್ದನ್ನು ಬಿಚ್ಚಬಹುದು. ಮೊಳೆ ಕಿತ್ತರೆ ಬಟ್ಟೆ ಇಡಿಯಾಗಿ ಕೈಗೆ ಬರುತ್ತದೆ, ಹಿಂದಿನ ಮರ ಹಾಗೇ ಉಳಿಯುತ್ತದೆ. ಈಗಿನ ರೂಢಿಯಲ್ಲಿ ಸ್ಪಂಜನ್ನು ಬೋರ್ಡಿಗೆ, ರೆಕ್ಸಿನ್ನನ್ನು ಸ್ಪಂಜಿಗೆ ಅಂಗೈ ಅಗಲ ಬಿಡದೆ ಸಲ್ಯೂಷನ್ ಹಚ್ಚಿ ಅಂಟಿಸುತ್ತಾರೆ. ನೋಡಲು ನುಣುಪು, ಕೆಲಸವೂ ಬೇಗ. ಆದರೆ ಹತ್ತಿಪ್ಪತ್ತು ವರ್ಷದ ಮೇಲೆ ಅದನ್ನು ತೆಗೆಯುವಾಗ ಸ್ಪಂಜು ಪುಡಿಯಾಗಿ, ರೆಕ್ಸಿನ್ ಚಿಂದಿಯಾಗಿ, ಬೋರ್ಡಿನ ಪದರವೂ ಕಿತ್ತುಬಂದು ಮೂರೂ ಹಾಳಾಗುತ್ತವೆ. ಸಾಮಾನ್ಯ ಸಲ್ಯೂಷನ್ ತಗಡಿನ ಶಾಖಕ್ಕೆ ಮೆತ್ತಗಾಗಿ ಬಿಟ್ಟುಕೊಳ್ಳುವುದು ಬೇರೆ. ಹಳೆಯ ವಿಧಾನ ಹಿಂದುಳಿದದ್ದು, ಹೊಸದು ಮುಂದುವರಿದದ್ದು ಎಂಬ ಭಾವನೆಗೆ ಇಲ್ಲಿ ಆಧಾರವಿಲ್ಲ. ಮುಂದಿನವರು ಮತ್ತೆ ರಿಪೇರಿ ಮಾಡಲಿ ಎಂಬ ವಿವೇಕ ಮೊಳೆ ಹೊಡೆದವನ ಕೆಲಸದಲ್ಲೇ ಹೆಚ್ಚು ಕಾಣುತ್ತದೆ.

ಹಾಗಾದರೆ ಕೆಲಸ ಹೇಗೆ ಸಾಗಬೇಕು? ಕೈ ಹಚ್ಚುವ ಮುನ್ನವೇ ನಾಲ್ಕು ಮೂಲೆಯಿಂದಲೂ ಫೋಟೊ, ಮೊಳೆಗಳ ಅಂತರದ ಅಳತೆ, ಬೀಡಿಂಗ್ ಯಾವುದರ ಮೇಲೆ ಯಾವುದು ಕೂತಿದೆ ಎಂಬ ಟಿಪ್ಪಣಿ ಸಿದ್ಧವಾಗಬೇಕು. ಬಿಚ್ಚುವಾಗ ಕೂರಿಸಿದ್ದಕ್ಕೆ ತಿರುವುಮುರುವಾದ ಕ್ರಮ: ಮೊದಲು ದೀಪ, ದೇವರ ಪಟದ ಚೌಕಟ್ಟು, ಕನ್ನಡಿ, ಆಮೇಲೆ ಬೀಡಿಂಗ್, ಕೊನೆಗೆ ಬಟ್ಟೆ. ಕಂಬಿ ಅಥವಾ ಮರದ ಕಮಾನುಗಳಿಗೆ ಮುಂದಿನಿಂದ ಹಿಂದಕ್ಕೆ ಅಂಕೆ ಬರೆಯಬೇಕು. ಒಂದೊಂದರ ಬಾಗು ಒಂದೊಂದು ತೆರ. ಅದಲುಬದಲಾದರೆ ಹೊಸ ಬಟ್ಟೆ ಎಷ್ಟು ಎಳೆದರೂ ಸುಕ್ಕು ಬಿಡುವುದಿಲ್ಲ. ಪುಡಿಯಾದ ಸ್ಪಂಜು ಉಸಿರಿಗೆ ಕೆಟ್ಟದ್ದು, ಮುಖಕ್ಕೆ ಮಾಸ್ಕ್ ಬೇಕೇ ಬೇಕು. ಹಳೆಯ ಹೊದಿಕೆ ಎಷ್ಟೇ ಹರಿದಿದ್ದರೂ ಅದನ್ನು ಹರಡಿ ಹೊಲಿಗೆ ಬಿಚ್ಚಿ, ಅದರ ಮೇಲೆಯೇ ಹೊಸ ಬಟ್ಟೆಗೆ ಮಾದರಿ ಕತ್ತರಿಸಬೇಕು. ಚಾವಣಿಯ ಅಳತೆ ನೋಡಿ ಅಂದಾಜಿಗೆ ಕತ್ತರಿಸಿದ್ದು ಮೂಲೆಗಳಲ್ಲಿ ಕೈಕೊಡುತ್ತದೆ. ಇನ್ನು ಮರ. ಕೊಳೆತ ತುಂಡನ್ನಷ್ಟೇ ಕೊಯ್ದು, ಅದೇ ಜಾತಿಯ ಒಣಮರದ ತುಂಡು ಬೆಸೆದು ಕೂರಿಸಿದರೆ ಸಾಕು. ಇಡೀ ಚೌಕಟ್ಟು ಕಿತ್ತು ಕಬ್ಬಿಣದ ಪೈಪು ವೆಲ್ಡ್ ಮಾಡಿಸಿದ ದಿನ ಅದು ಬೇರೆ ಲಾರಿಯಾಗುತ್ತದೆ. ಬಟ್ಟೆ ಏರಿಸುವುದು ಯಾವಾಗಲೂ ನಡುವಿನಿಂದ. ನಡುಗೆರೆ ಗುರುತಿಸಿ, ಮಧ್ಯದ ಕಮಾನಿಗೆ ಮೊದಲು ಸಿಕ್ಕಿಸಿ, ಅಲ್ಲಿಂದ ಮುಂದಕ್ಕೂ ಹಿಂದಕ್ಕೂ ಎಳೆದು ತಾತ್ಕಾಲಿಕ ಮೊಳೆ ಹೊಡೆದು, ಆಮೇಲೆ ಎರಡು ಪಕ್ಕ. ರೆಕ್ಸಿನ್ನನ್ನು ಮುಂಚೆ ಬಿಸಿಲಲ್ಲಿ ಹರಡಿಟ್ಟಿದ್ದರೆ ಎಳೆತಕ್ಕೆ ಬಗ್ಗುತ್ತದೆ, ತಣಿದ ಮೇಲೆ ತಾನೇ ಬಿಗಿಯುತ್ತದೆ. ಮೂಲೆಯ ತಿರುವಿನಲ್ಲಿ ಅಂಚಿಗೆ ಸಣ್ಣ ಸಣ್ಣ ಕಚ್ಚು ಕೊಟ್ಟು ಮಡಿಸಬೇಕು, ಆದರೆ ಕತ್ತರಿ ಬೀಡಿಂಗಿನ ಗೆರೆ ದಾಟಕೂಡದು. ಅಂಟು ಅನಿವಾರ್ಯವಾದ ಕಡೆ ಶಾಖ ತಡೆಯುವ ಜಾತಿಯದನ್ನು ಅಂಚಿನ ಎರಡು ಬೆರಳಿಗಷ್ಟೇ ಹಚ್ಚಿ, ಎರಡೂ ಮೈ ಕೈಗೆ ಹತ್ತದಷ್ಟು ಆರಿದ ಮೇಲೆ ಒತ್ತುವುದು. ಕುಶನ್ ಕೆಲಸ ಬಲ್ಲವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಅವರಿಗೆ ಬೇಕಾಗಿರುವುದು ಸಮಯ ಮತ್ತು ಆ ಸಮಯಕ್ಕೆ ತಕ್ಕ ಕೂಲಿ. ಎರಡು ಗಂಟೆಯಲ್ಲಿ ಮುಗಿಸಿಕೊಡಿ ಎಂದು ಅವಸರಪಡಿಸುವ ಮಾಲೀಕನೇ ಈ ಕೈಕೆಲಸವನ್ನು ಕೊಲ್ಲುತ್ತಿರುವುದು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ಮತ್ತು ಅತ್ಯಂತ ಗಟ್ಟಿಯಾದದ್ದು ಬೆಂಕಿಯದು. ಹಳೆಯ ವಸ್ತುವಿನ ಮೋಹದಲ್ಲಿ ಮನುಷ್ಯನ ಜೀವಕ್ಕೆ ಅಪಾಯ ತರಬಾರದು ಎನ್ನುವವರ ಮಾತು ಸರಿ. ರೆಕ್ಸಿನ್ನಿನ ಆರಂಭಕಾಲದಲ್ಲಿ ಹತ್ತಿಬಟ್ಟೆಗೆ ನೈಟ್ರೊಸೆಲ್ಯುಲೋಸ್ ಬಳಿಯುತ್ತಿದ್ದರು. ಅದು ಕಿಡಿ ತಾಗಿದರೆ ಭಗ್ಗನೆ ಉರಿಯುವ ಪದಾರ್ಥ. ಪಾಲಿಯೂರಿಥೇನ್ ಸ್ಪಂಜು ಕೂಡ ವೇಗವಾಗಿ ಉರಿದು ವಿಷಹೊಗೆ ಬಿಡುತ್ತದೆ. ಬೀಡಿ ಸೇದುವ, ಸ್ಟೌ ಹಚ್ಚುವ ಕ್ಯಾಬಿನ್ನಿನಲ್ಲಿ ಇದು ಸಣ್ಣ ವಿಷಯವಲ್ಲ. ವಾಹನದ ಒಳಸಾಮಗ್ರಿ ಎಷ್ಟು ನಿಧಾನವಾಗಿ ಉರಿಯಬೇಕು ಎಂಬುದಕ್ಕೆ ಭಾರತದಲ್ಲಿ ಐಎಸ್ 15061 ಎಂಬ ಮಾನದಂಡವಿದೆ. ಅಮೆರಿಕದ ನಿಯಮ ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಉರಿ ಹರಡಕೂಡದು ಎನ್ನುತ್ತದೆ. ಹೊಸ ಸ್ಪಂಜು, ಹೊಸ ಬಟ್ಟೆ ಕೊಳ್ಳುವಾಗ ಈ ಗುಣವಿರುವುದನ್ನೇ ಕೇಳಿ ಕೊಳ್ಳಬೇಕು, ಇದರಲ್ಲಿ ರಾಜಿಯಿಲ್ಲ. ಆದರೆ ಈ ಆಕ್ಷೇಪ ಹಳೆಯ ವಸ್ತುವನ್ನು ಮತ್ತೆ ಬಳಸುವುದಕ್ಕೆ ಅಡ್ಡಿಯೇ ಹೊರತು ಹಳೆಯ ಕಟ್ಟುವ ವಿಧಾನಕ್ಕಲ್ಲ. ಅದೇ ಬಣ್ಣ, ಅದೇ ಹೊಲಿಗೆ, ಅದೇ ಗುಂಡಿಗಳ ಸಾಲು, ಅದೇ ಮೊಳೆಯ ಅಂತರ ಉಳಿಸಿಕೊಂಡು ಬಟ್ಟೆಯನ್ನಷ್ಟೇ ಬದಲಿಸಬಹುದು. ಹಳೆಯದರ ಒಂದು ಅಂಗೈ ಅಗಲದ ತುಂಡನ್ನು ಕಾಗದದಲ್ಲಿ ಸುತ್ತಿ ಲಾರಿಯಿಂದ ದೂರ, ಬೆಂಕಿಯಿಂದ ದೂರ ಕಾಪಿಟ್ಟರೆ ದಾಖಲೆಯೂ ಉಳಿಯಿತು.

ಸೆಕೆಯ ಆಕ್ಷೇಪವೂ ಹೀಗೇ. ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಇರಲೇಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡಿರುವ ಕಾಲದಲ್ಲಿ, ಡ್ರೈವರ್‌ಗಳು ಬೆಂದುಹೋದ ಡಬ್ಬಿಯನ್ನು ಯಾಕೆ ಹಾಗೇ ಉಳಿಸಬೇಕು ಎಂದು ಕೇಳಬಹುದು. ಅವರ ಪಾಡನ್ನು ಮರೆಸುವ ಉದ್ದೇಶ ಯಾವ ಸಂರಕ್ಷಣೆಗೂ ಇರಬಾರದು. ಆದರೆ ಹೊದಿಕೆಯ ಹಿಂದೆ ಕಣ್ಣಿಗೆ ಬೀಳದ ಜಾಗ ಬೇಕಾದಷ್ಟಿದೆ. ಅಲ್ಲಿ ಹೊಳೆಯುವ ಅಲ್ಯೂಮಿನಿಯಂ ಹಾಳೆಯನ್ನು ತಗಡಿಗೆ ತಾಗದ ಹಾಗೆ ಗಾಳಿಯ ಸಂದು ಬಿಟ್ಟು ಹರಡಿದರೆ ಶಾಖ ಗಣನೀಯವಾಗಿ ಇಳಿಯುತ್ತದೆ. ತಗಡಿಗೆ ಅಂಟಿಸಿಬಿಟ್ಟರೆ ಆ ಹಾಳೆಯಿಂದ ಬಹಳ ಪ್ರಯೋಜನವಿಲ್ಲ. ಬೇಡವೆನಿಸಿದ ದಿನ ತೆಗೆದುಹಾಕಬಹುದಾದ ಸುಧಾರಣೆ ಇದು. ದಿನವೂ ಬಾಡಿಗೆಗೆ ಓಡುವ ಲಾರಿಯಾದರೆ ಈ ಚರ್ಚೆಯೇ ಬೇಡ: ಅಲ್ಲಿ ಡ್ರೈವರನ ತಂಪು ಮೊದಲು, ಚರಿತ್ರೆ ಆಮೇಲೆ. ನಾನು ಹೇಳುತ್ತಿರುವುದು ದುಡಿಮೆಯಿಂದ ಬಿಡುಗಡೆಯಾಗಿ, ಮನೆಯವರ ಪ್ರೀತಿಗೋ ಕಂಪನಿಯ ನೆನಪಿಗೋ ಸಿನಿಮಾ ಬಳಕೆಗೋ ಉಳಿದುಕೊಂಡ ಲಾರಿಗಳ ಬಗ್ಗೆ.

ಮೂರನೇ ಆಕ್ಷೇಪ ಸೂಕ್ಷ್ಮವಾದದ್ದು. ಲಾರಿಯ ಒಳಹೊದಿಕೆ ಐದಾರು ವರ್ಷಕ್ಕೊಮ್ಮೆ ಬದಲಾಗುತ್ತಲೇ ಇತ್ತು. ಮಾಲೀಕ ಬದಲಾದರೆ ಬಣ್ಣ ಬದಲು, ಡ್ರೈವರ್ ಬದಲಾದರೆ ಪಟ ಬದಲು. ಹೀಗಿರುವಾಗ ಮೂಲ ಯಾವುದು, ಯಾವುದನ್ನು ಉಳಿಸುವುದು? ಈ ಪ್ರಶ್ನೆ ನನ್ನ ವಾದವನ್ನು ದುರ್ಬಲಗೊಳಿಸುತ್ತದೆ ಎಂದು ನನಗೆ ಅನಿಸುವುದಿಲ್ಲ; ಕಿತ್ತೆಸೆಯುವ ಮುನ್ನ ನೋಡಬೇಕು ಎಂಬ ಮಾತಿಗೆ ಇದೇ ದೊಡ್ಡ ಸಮರ್ಥನೆ. ಕುಶನ್ ಕೆಲಸದವರು ಎಷ್ಟೋ ಸಲ ಹಳೆಯದರ ಮೇಲೆಯೇ ಹೊಸದನ್ನು ಹೊಡೆಯುತ್ತಾರೆ. ಒಂದೊಂದೇ ಪದರ ಬಿಡಿಸಿದರೆ ಆ ಲಾರಿಯ ಬಾಳು ಕಾಲಕ್ರಮದಲ್ಲಿ ತೆರೆದುಕೊಳ್ಳುತ್ತದೆ. ಕೆಳಗಿನ ಪದರದ ಮೊಳೆಯ ತೂತುಗಳು ಮರದ ಅಂಚಿನಲ್ಲಿ ಸಾಲಾಗಿ ಉಳಿದಿರುತ್ತವೆ; ಯಾವ ಸಾಲು ಮೊದಲನೆಯದು ಎಂಬುದನ್ನು ಬಣ್ಣದ ಪದರಗಳ ಜೊತೆ ಹೋಲಿಸಿ ಕಂಡುಕೊಳ್ಳಬಹುದು. ಬಾಗಿಲ ಒಳಮೈ, ಡ್ಯಾಶ್‌ಬೋರ್ಡು, ಸೀಟು ಯಾವ ಕಾಲಕ್ಕೆ ಸೇರಿವೆಯೋ ಅದೇ ಕಾಲದ ಚಾವಣಿಯನ್ನು ಆರಿಸಿಕೊಳ್ಳುವುದು ನ್ಯಾಯ. ಎಲ್ಲವೂ 1970ರ ದಶಕದವಾಗಿದ್ದು ಚಾವಣಿಯನ್ನು ಮಾತ್ರ ಕಾರ್ಖಾನೆಯ ಜಾಹೀರಾತಿನ ಚಿತ್ರ ನೋಡಿ ಹೊಳೆಯುವಂತೆ ಮಾಡಿದರೆ ಅಲ್ಲಿ ಎಂದೂ ಇರದಿದ್ದ ಲಾರಿಯೊಂದನ್ನು ಸೃಷ್ಟಿಸಿದಂತಾಗುತ್ತದೆ. ಜಗತ್ತಿನ ಹಳೆಯ ವಾಹನಗಳ ಸಂಘಗಳ ಒಕ್ಕೂಟವಾದ ಫಿವಾ, ಟ್ಯೂರಿನ್ ಸನ್ನದು ಎಂಬ ಹೆಸರಿನಲ್ಲಿ ಒಪ್ಪಿಕೊಂಡಿರುವ ತತ್ವವೂ ಇದೇ ದಾರಿಯದು: ಇದ್ದುದನ್ನು ಉಳಿಸುವುದಕ್ಕೆ ಮೊದಲ ಸ್ಥಾನ, ಹೊಸದಾಗಿ ಸೇರಿಸಿದ್ದಕ್ಕೆ ದಾಖಲೆ ಕಡ್ಡಾಯ.

ಹೊರಗಿನ ಬಣ್ಣಕ್ಕೆ ಈ ಗೌರವ ಈಗಾಗಲೇ ಸಿಕ್ಕಿದೆ. 2002ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಜಾನಪದ ಉತ್ಸವಕ್ಕೆ ಪಾಕಿಸ್ತಾನದ ಕಲಾವಿದರು ಹೋಗಿ ಬೆಡ್‌ಫೋರ್ಡ್ ಲಾರಿಯೊಂದನ್ನು ಜನರ ಮುಂದೆಯೇ ಚಿತ್ರಿಸಿದಾಗ ಲಾರಿಯೂ ಕಲೆಯ ವಸ್ತು ಎಂಬುದನ್ನು ಜಗತ್ತು ಒಪ್ಪಿತು. ಹೊರಗಿನ ಚಿತ್ರ ರಸ್ತೆಯವರಿಗಾಗಿ ಬರೆದದ್ದು. ಒಳಚಾವಣಿ ಡ್ರೈವರ್ ಮತ್ತು ಕ್ಲೀನರ್ ಇಬ್ಬರಿಗಾಗಿ, ಅವರು ಹಗಲು ಕೂತು ರಾತ್ರಿ ಮಲಗುವ ಆರಡಿ ಜಾಗಕ್ಕಾಗಿ ಮಾಡಿದ್ದು. ಅದಕ್ಕೆ ಇನ್ನೂ ಪ್ರೇಕ್ಷಕರು ಸಿಕ್ಕಿಲ್ಲ.

ಕಾನೂನಿನಲ್ಲಂತೂ ಇಡೀ ಹಳೇ ಲಾರಿಗೇ ಜಾಗವಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ತಂದಿತು. ಐವತ್ತು ವರ್ಷ ದಾಟಿರಬೇಕು, ಸ್ವಂತ ಬಳಕೆಯದಾಗಿರಬೇಕು, ಶಾಸಿ, ಬಾಡಿ, ಎಂಜಿನ್ ಭಾರಿ ಬದಲಾವಣೆಗೆ ಒಳಗಾಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಆ ವ್ಯಾಖ್ಯೆಯೊಳಗೆ ಬರುವುದು ದ್ವಿಚಕ್ರ ವಾಹನ ಮತ್ತು ಕಾರು ಮಾತ್ರ. ಸರಕು ಸಾಗಿಸಿದ ವಾಹನ ಎಷ್ಟೇ ಹಳೆಯದಾಗಲಿ, ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಈ ಬಾಗಿಲು ಮುಚ್ಚಿದೆ. ಅದೇ ವರ್ಷ ಬಂದ ಗುಜರಿ ನೀತಿಯ ಕಣ್ಣಿಗೆ ಅದು ಆಯುಷ್ಯ ಮುಗಿದ ಕಬ್ಬಿಣ. ಫಿವಾದ ವ್ಯಾಖ್ಯೆಯಲ್ಲಿ ಮೂವತ್ತು ವರ್ಷ ದಾಟಿ, ಸರಿಯಾದ ಸ್ಥಿತಿಯಲ್ಲಿದ್ದು, ದಿನಬಳಕೆಗಿಲ್ಲದ ಯಾವ ಮೋಟಾರು ವಾಹನವೂ ಪರಂಪರೆಯೇ. ಅಲ್ಲಿ ಕಾರು, ಲಾರಿ ಎಂಬ ಭೇದವಿಲ್ಲ. ಮಹಾರಾಜರ ಕಾರಿಗೆ ಸಲ್ಲುವ ಮಾನ ಹೆಂಚು ಹೊತ್ತ ಲಾರಿಗೆ ಸಲ್ಲದಿರುವುದಕ್ಕೆ ನನಗೆ ಒಪ್ಪಬಹುದಾದ ಕಾರಣ ಕಾಣುವುದಿಲ್ಲ. ಹೊಗೆ, ಸುರಕ್ಷತೆಯ ಆತಂಕವಿದ್ದರೆ ಕಾರಿಗೆ ಹಾಕಿದ ಷರತ್ತನ್ನೇ ಲಾರಿಗೂ ಹಾಕಲಿ: ಬಾಡಿಗೆಗೆ ಓಡಿಸಕೂಡದು, ಪ್ರದರ್ಶನದಂಥ ಸಂದರ್ಭಗಳಲ್ಲಿ ಮಾತ್ರ ರಸ್ತೆಗಿಳಿಯಬೇಕು. ನಿಯಮದ ವ್ಯಾಖ್ಯೆಗೆ ಸರಕು ವಾಹನವನ್ನು ಸೇರಿಸುವ ಒಂದು ಸಾಲಿನ ತಿದ್ದುಪಡಿ ಇದಕ್ಕೆ ಸಾಕು. ಅಂಥ ತಿದ್ದುಪಡಿ ಬಂದ ದಿನ ಅರ್ಜಿದಾರ ತನ್ನ ಲಾರಿ ಮೂಲರೂಪದಲ್ಲೇ ಇದೆ ಎಂದು ತೋರಿಸಬೇಕಾಗುತ್ತದೆ. ಕ್ಯಾಬಿನ್ ಕಟ್ಟಿದ ಶೆಡ್ಡು ಮುಚ್ಚಿಹೋಗಿರುತ್ತದೆ, ರಸೀತಿ ಇರುವುದಿಲ್ಲ. ಬಿಚ್ಚುವ ಮುನ್ನ ತೆಗೆದ ಫೋಟೊ, ಅಂಕೆ ಬರೆದ ಕಮಾನು, ಕಾಪಿಟ್ಟ ಹಳೆಯ ರೆಕ್ಸಿನ್ ತುಂಡು, ಮರದಲ್ಲಿ ಉಳಿಸಿದ ಮೊದಲ ಸಾಲಿನ ಮೊಳೆತೂತು, ಇವಷ್ಟೇ ಅವನ ಕೈಯಲ್ಲಿರುವ ಪುರಾವೆ. ಹಾಗಾಗಿ ನಿಯಮ ಬದಲಾಗಲಿ ಎಂದು ಕಾಯುವ ಮಾಲೀಕರು ಆ ಪುರಾವೆಯನ್ನು ಈಗಿನಿಂದಲೇ ಕೂಡಿಡುವುದು ಒಳ್ಳೆಯದು.